ಹುಡುಗನ ಆಸೆಯ ಕಾರು

ಆಗಸ್ಟ್ ಹದಿನೈದರ ಬೆಳಿಗ್ಗೆ ನಂಜನಗೂಡಿನ ಕಾರು ಶೋರೂಮೊಂದರಲ್ಲಿ ಹಬ್ಬದ ಗಲಾಟೆಯಿತ್ತು. ಬಂದವರಿಗೆಲ್ಲ ಲಾಡು ಹಂಚುತ್ತಿದ್ದರು. ನಡುವೆ ನಿಂತಿದ್ದ ಬಿಳಿ ಕಾರಿನ ಬಾನೆಟ್ ಮೇಲೆ ಕೇಸರಿ, ಹಸಿರು ಪಟ್ಟಿಗಳು. ಹಿಂಬದಿಯಲ್ಲಿ ‘ಸ್ವಾತಂತ್ರ್ಯೋತ್ಸವ ಸ್ಪೆಷಲ್ ಎಡಿಷನ್’ ಎಂಬ ಬರಹ. ಶ್ರಾವಣ ಕಳೆಯುವುದರೊಳಗೆ ಅಮೃತೇಶನ ಮದುವೆ. ಹುಲ್ಲಹಳ್ಳಿಯ ನಿವೃತ್ತ ಮೇಷ್ಟ್ರು ಗಂಗಾಧರಸ್ವಾಮಿ ಅಳಿಯನಾಗುವವನಿಗೆ ಕೊಡಿಸುತ್ತಿದ್ದ ಕಾರು ಅದು.

“ನಾವು ವರದಕ್ಷಿಣೆ ಕೇಳೋ ಪೈಕಿ ಅಲ್ಲ ಕಣ್ರೀ,” ಎಂದು ಅಮೃತೇಶನ ತಂದೆ ಶಿವಸ್ವಾಮಿ ಶೋರೂಮಿನವರಿಗೆ ಹೇಳುತ್ತಿದ್ದರು. ಟಿ. ನರಸೀಪುರದಲ್ಲಿ ಅವರದು ಗೊಬ್ಬರದ ವ್ಯಾಪಾರ. “ಹುಡುಗ ಆಸೆಪಟ್ಟ, ಬೀಗ್ರು ಖುಷಿಯಿಂದ ಕೊಡಿಸ್ತಾವ್ರೆ.”

ಅಮೃತೇಶ ಆಸೆಪಟ್ಟಿರಲಿಲ್ಲ. ನಿಶ್ಚಿತಾರ್ಥದ ಊಟದಲ್ಲಿ ಅಪ್ಪ ಆ ಮಾತು ತೆಗೆದಾಗ ತಲೆ ತಗ್ಗಿಸಿ ಎಲೆ ನೋಡುತ್ತ ಕುಳಿತಿದ್ದ, ಅಷ್ಟೇ. ಅಪ್ಪನೆದುರು ಬಾಯಿ ತೆರೆದು ಅವನಿಗೆ ಅಭ್ಯಾಸವಿರಲಿಲ್ಲ.

ಅಷ್ಟರಲ್ಲಿ ಹೊರಗೆ ಹಾರನ್ನುಗಳ ಸದ್ದು ಕೇಳಿಸಿತು. ಹಳೇ ಕಾರುಗಳ ಮೆರವಣಿಗೆ. ಅಂಬಾಸಿಡರ್, ಜೀಪುಗಳ ಹಿಂದೆ ಕೆನೆಬಣ್ಣದ ಪದ್ಮಿನಿ ಕಾರೊಂದು ತ್ರಿವರ್ಣದ ರಿಬ್ಬನ್ ಸುತ್ತಿಕೊಂಡು ಬಂತು. ಗಂಗಾಧರಸ್ವಾಮಿ ಲಾಡನ್ನು ಅಲ್ಲೇ ಇಟ್ಟು ರಸ್ತೆಯ ಅಂಚಿಗೆ ಹೋಗಿ ನಿಂತರು. ಕೈ ಅರ್ಧ ಮೇಲೆತ್ತಿ, ಮತ್ತೆ ಇಳಿಸಿದರು.

“ನಮ್ಮದು,” ಎಂದಳು ಅಮೃತೇಶನ ಪಕ್ಕದಲ್ಲಿದ್ದ ಮದುಮಗಳು ಅರ್ಪಿತ. “ಅಮ್ಮ ಬಾಣಂತಿಯಾಗಿ ನನ್ನ ಎತ್ಕೊಂಡು ಬಂದಿದ್ದು ಅದ್ರಲ್ಲೇ. ಈ ಹೊಸ ಕಾರಿನ ದುಡ್ಡಿಗೆ ಅಂತ ಮಾರಿದ್ರು, ಹೋದ್ವಾರ ಮೈಸೂರಿನೋರು ಯಾರೋ ತಗೊಂಡೋದ್ರು. ಅದ್ರ ಜೊತೆ ತೋಟದ ಒಂದು ಪಾಲೂ ಓಯ್ತು.”

“ನಂಗೆ ಗೊತ್ತಿರ್ಲಿಲ್ಲ.”

“ಕೇಳಿದ್ರಾ?”

ಪದ್ಮಿನಿ ತಿರುವಿನಲ್ಲಿ ಮರೆಯಾಯಿತು.

“ಬಾರ್ಲಾ, ಫೋಟೋಗೆ ನಿಂತ್ಕೋ!” ಎಂದು ಶಿವಸ್ವಾಮಿ ಕರೆದರು. ಗಂಗಾಧರಸ್ವಾಮಿ ಒಳಗೆ ಬಂದು, ಹೂ ಸುತ್ತಿದ ಕೀಲಿಯನ್ನು ತಟ್ಟೆಯಲ್ಲಿಟ್ಟು ಮುಂದೆ ಚಾಚಿದರು.

“ಬೇಡ,” ಎಂದ ಅಮೃತೇಶ. ಅಪ್ಪನ ಕಡೆ ತಿರುಗಿ ಮತ್ತೆ ಹೇಳಿದ: “ಈ ಕಾರು ನಂಗೆ ಬೇಡ ಅಪ್ಪ.”

“ಏನ್ಲಾ ಇದು, ಎಲ್ರ ಮುಂದೆ? ನಾಳೆ ನಿನ್ ತಂಗೀಗೆ ನಾನು ಕೊಡ್ಬೇಕಲ್ವಾ? ನಾನೊಬ್ಬ ಬುಟ್ಬುಟ್ರೆ ಲೋಕ ಬುಟ್ಟಾತಾ?” ಶಿವಸ್ವಾಮಿಯ ಮುಖ ಕೆಂಪೇರಿತು. “ತಗೋತೀಯೋ ಇಲ್ವೋ?”

“ಇಲ್ಲ.”

ಶಿವಸ್ವಾಮಿ ಹೆಗಲ ಮೇಲಿನ ಟವೆಲ್ ಕೊಡವಿ ಸರಸರನೆ ಹೊರಟುಹೋದರು.

ಗಂಗಾಧರಸ್ವಾಮಿಗೆ ಮಾತ್ರ ಭೂಮಿ ಬಾಯಿಬಿಟ್ಟಂತಾಯಿತು. ತಟ್ಟೆಯನ್ನು ಮೇಜಿನ ಮೇಲಿಟ್ಟು ಎರಡೂ ಕೈ ಜೋಡಿಸಿದರು. “ಅಳಿಯಂದ್ರೇ, ನಮ್ಮಿಂದ ಏನಾದ್ರೂ ತಪ್ಪಾಯ್ತಾ? ಬಣ್ಣ ಒಪ್ಪಲಿಲ್ವಾ? ಲಗ್ನಪತ್ರಿಕೆ ಊರಿಗೆಲ್ಲ ಅಂಚಿದ್ದೀನಿ. ದಮ್ಮಯ್ಯ, ತಗೊಳ್ಳಿ.”

ಒಳ್ಳೆಯ ಮಾತನ್ನೇ ಆಡಿದೆನೆಂದುಕೊಂಡಿದ್ದ ಅಮೃತೇಶ ಜೋಡಿಸಿದ ಆ ಕೈಗಳತ್ತ ನೋಡಿದ. ಬೇಕು ಎನ್ನುವುದೂ, ಬೇಡ ಎನ್ನುವುದೂ ಇದೇ ಮುದುಕರ ಎದೆಯ ಮೇಲೆಯೇ ಬೀಳುವ ಹಾಗೆ ಮಾಡಿಟ್ಟಾಗಿತ್ತು. ಹೋದ ಕಾರು, ಹೋದ ತೋಟ ಇನ್ನು ಬರುವುದಿಲ್ಲ.

“ಅಪ್ಪ, ಕೈ ಇಳ್ಸಿ,” ಎಂದಳು ಅರ್ಪಿತ. ಅವರಿಗೆ ಕೇಳಿಸಲಿಲ್ಲ.

ಅಮೃತೇಶ ಹತ್ತಿರ ಹೋಗಿ, ಜೋಡಿಸಿದ್ದ ಆ ಕೈಗಳನ್ನು ಹಿಡಿದುಕೊಂಡ. ಅವು ಇಳಿಯಲು ಒಪ್ಪಲಿಲ್ಲ. “ತಪ್ಪು ನಮ್ದು ಮಾವ,” ಎನ್ನುತ್ತ ಮೆಲ್ಲಗೆ ಕೆಳಗಿಳಿಸಿದ. ಅರ್ಪಿತ ಇನ್ನು ಈ ಮದುವೆಯ ಬಗ್ಗೆ ಏನು ತೀರ್ಮಾನಿಸುವಳೋ, ತಲೆಯೆತ್ತಿ ಅವಳ ಮುಖ ನೋಡುವ ಧೈರ್ಯ ಮಾತ್ರ ಅವನಿಗೆ ಬರಲಿಲ್ಲ.