ಎರಡನೆಯ ತಂತಿ

ಎಪ್ಪತ್ತಾರನೆಯ ಇಸವಿಯಲ್ಲಿ, ಅಪ್ಪ ಸತ್ತರೆಂದು ತಂತಿ ಬಂದಾಗ, ನಾನು ಷಿಕಾಗೋದ ಆಸ್ಪತ್ರೆಯಲ್ಲಿ ಡ್ಯೂಟಿ ಮುಗಿಸಿ ಆಗಷ್ಟೇ ರೂಮಿಗೆ ಬಂದಿದ್ದೆ. ಸಾವಿನ ಸುದ್ದಿ ಕೇಳಿದರೆ ಮಾಡಬೇಕಾದಂತೆ ಉಟ್ಟ ಬಟ್ಟೆಯಲ್ಲೇ ತಲೆಗೆ ತಣ್ಣೀರು ಸುರಿದುಕೊಂಡೆ. ಆಮೇಲೆ ವಕೀಲರಿಗೆ ಫೋನ್ ಮಾಡಿದೆ. ನನ್ನ ಗ್ರೀನ್ ಕಾರ್ಡಿನ ಅರ್ಜಿ ಇನ್ನೂ ತೀರ್ಮಾನವಾಗಿರಲಿಲ್ಲ. ಮೊದಲೇ ಅನುಮತಿ ಪಡೆಯದೆ ದೇಶ ಬಿಟ್ಟರೆ ಅರ್ಜಿ ರದ್ದು, ಹಳೆಯ ವೀಸಾ ಮುಗಿದಿರುವುದರಿಂದ ವಾಪಸು ಬರುವ ದಾರಿಯೂ ಇಲ್ಲ ಎಂದರು. ಅನುಮತಿಗೆ ಕಾಯುತ್ತ ಕೂತರೆ ಅಪ್ಪನ ಕರ್ಮವೆಲ್ಲ ಮುಗಿದುಹೋಗುತ್ತಿತ್ತು. ಹಾಳಾಗಿ ಹೋಗಲಿ ಕಾರ್ಡು ಎಂದು ಹೊರಟೆ. ವಿಮಾನದಲ್ಲಿ ದಾರಿಯುದ್ದಕ್ಕೂ ಅಳುತ್ತಲೇ ಇದ್ದೆ. ಪಕ್ಕದ ಸೀಟಿನ ಮುದುಕಿ ತನ್ನ ಕರವಸ್ತ್ರವನ್ನೂ ಕೊಟ್ಟು ಸೋತು ನಿದ್ದೆ ಹೋದಳು.

ಟ್ಯಾಕ್ಸಿ ರಾಜಾಜಿನಗರದ ನಮ್ಮ ಬೀದಿಗೆ ತಿರುಗಿದಾಗ ಮನೆ ಮುಂದೆ ರಂಗೋಲಿ ಕಾಣಿಸಿತು. ಸಾವಾದ ಮನೆಗೆ ಯಾರಾದರೂ ರಂಗೋಲಿ ಇಡುತ್ತಾರೆಯೇ? ಬಾಡಿಗೆಗಿರುವ ನರಸಮ್ಮ ಇಟ್ಟಿರಬೇಕು, ಅಷ್ಟೂ ತಿಳಿಯಬೇಡವೇ ಎಂದು ಮೈ ಉರಿಯಿತು. ಗೇಟು ತೆಗೆದೆ. ವರಾಂಡದಲ್ಲಿ ಅಪ್ಪ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು.

ಮೆಟ್ಟಿಲ ಮೇಲೇ ಕೂತುಬಿಟ್ಟೆ. ಸಂತೋಷವಾಯಿತು, ಇಲ್ಲವೆನ್ನುವುದಿಲ್ಲ. ಅವರ ಕೈ ಹಿಡಿದು ಬೆಚ್ಚಗಿದೆಯೇ ಎಂದು ನೋಡಿದೆ.

ಒಳಗಿನಿಂದ ಬಂದ ಅಮ್ಮ ನನ್ನನ್ನು ಕಂಡು ಬೆಚ್ಚಿಬಿದ್ದಳು.

“ಇದೇನೇ, ನೀನ್ಯಾಕೆ ಬಂದೆ? ಎರಡನೇ ತಂತಿ ಸಿಗ್ಲಿಲ್ವಾ?”

“ಯಾವ ಎರಡನೇ ತಂತಿ?”

ಹಿತ್ತಲಲ್ಲಿ ಕಾಗೆಯೊಂದು ಅಪ್ಪನ ತಲೆಗೆ ಬಡಿದು ಹೋಗಿತ್ತಂತೆ. ಕಾಗೆ ಮುಟ್ಟಿದರೆ ಸಾವಿನ ಸೂಚನೆ. ಆ ದೋಷ ಕಳೆಯಲು ಹತ್ತಿರದವರಿಗೆ ಸತ್ತರೆಂದು ಸುಳ್ಳು ಸುದ್ದಿ ಕಳಿಸಬೇಕು, ಅವರು ಅಳಬೇಕು, ಆಮೇಲೆ ನಿಜ ತಿಳಿಸಬೇಕು. ನಾನು ಚಿಕ್ಕವಳಿದ್ದಾಗ ಮೈಸೂರಿನ ಸೋದರತ್ತೆಯನ್ನೂ ಹೀಗೇ ಅಳಿಸಿದ್ದರು. ಮರುದಿನ ಆಕೆ ಬೈಯುತ್ತ ಬೈಯುತ್ತ ನಕ್ಕಿದ್ದಳು.

“ಹೊಟ್ಟೇಲಿ ಹುಟ್ಟಿದೋಳು ಅತ್ರೆ ದೋಷ ಪೂರ್ತಿ ಹೋಗತ್ತೆ ಅಂತ ನಾನೇ ಹೇಳಿದ್ದು ಕಣೇ,” ಎಂದಳು ಅಮ್ಮ. “ಬೆನ್ನಿಗೇ ಇನ್ನೊಂದು ತಂತಿ ಕೊಟ್ಬಿಡಿ, ಪಾಪ ಮಗು ಗಾಬರಿಯಾಗತ್ತೆ ಅಂತ್ಲೂ ಹೇಳಿದ್ದೆ. ಇವ್ರೇ ಹೋಗಿ ಕೊಟ್ಟು ಬಂದ್ರಲ್ಲ.”

ಅಪ್ಪ ತಂತಿ ಕಚೇರಿಯಲ್ಲೇ ದುಡಿದು ನಿವೃತ್ತರಾದವರು. ತಂತಿಯೊಂದು ತಲುಪದಿದ್ದರೆ ಒಂದು ಮನೆ ಹೇಗೆ ತಲೆಕೆಳಗಾಗುತ್ತದೆ ಎಂದು ಕತೆಕತೆಯಾಗಿ ಹೇಳುತ್ತಿದ್ದವರೇ ಅವರು. ನನ್ನ ಅರ್ಜಿಯ ವಿಷಯವನ್ನೂ ಅವರೊಬ್ಬರಿಗೇ ಬಿಡಿಸಿ ಬರೆದಿದ್ದೆ.

“ಎರಡನೇದು ಕೊಟ್ರಾ ಅಪ್ಪಾ?”

ಅಪ್ಪ ಇನ್ನೊಂದು ಹುರುಳಿಕಾಯಿ ಮುರಿದರು. “ಇಲ್ಲ.”

“ಮರೆತ್ರಾ?”

ಹೌದು ಎಂದುಬಿಡಲಿ, ಅಷ್ಟು ಸಾಕು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

“ಕೌಂಟರ್ ತನಕ ಹೋಗಿ ವಾಪಸ್ ಬಂದೆ. ಆ ಕಾರ್ಡ್ ಸಿಕ್ಕಿದ್ಮೇಲೆ ನೀನೆಲ್ಲಿ ಬರ್ತಿದ್ದೆ ಕೋಕಿಲಾ? ಈಗ ಬಂದ್ರೆ ತಿರುಗಿ ಹೋಗೋಕಾಗಲ್ಲ ಅಂತ ನೀನೇ ಬರೆದಿದ್ಯಲ್ಲ.”

ಅಮ್ಮ ಬಾಯಿಗೆ ಸೆರಗು ಹಿಡಿದಳು. ಅವಳಿಗೆ ಇದೊಂದೂ ಗೊತ್ತಿರಲಿಲ್ಲ. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ, ಕಾಗೆಯ ಮೇಲೂ ಬರಲಿಲ್ಲ. ನಂಬಿ ಹೇಳಿಕೊಂಡ ಮಾತನ್ನೇ ಹಿಡಿದು ಅಪ್ಪ ನನ್ನ ದಾರಿ ಮುಚ್ಚಿದ್ದರು. ಅದಕ್ಕಾಗಿ ತಮ್ಮ ಸಾವನ್ನೇ ನನ್ನ ಮುಂದೆ ಎಸೆದಿದ್ದರು.

“ಎದ್ದು ಕೈಕಾಲು ತೊಳ್ಕೋ. ನಿನಗಿಷ್ಟದ ಪಲ್ಯ ಮಾಡಿಸ್ತೀನಿ,” ಎಂದರು, ಏನೂ ಆಗಿಲ್ಲವೆಂಬಂತೆ.

ಬಚ್ಚಲಿಗೆ ಹೋದೆ. ಹಂಡೆಯಲ್ಲಿ ಬಿಸಿನೀರಿತ್ತು. ಅದನ್ನು ಮುಟ್ಟಲಿಲ್ಲ. ತೊಟ್ಟಿಯ ತಣ್ಣೀರನ್ನು ಉಟ್ಟ ಸೀರೆಯ ಮೇಲೇ, ತಲೆಯಿಂದ ಸುರಿದುಕೊಂಡು, ಹಾಗೇ ವರಾಂಡಕ್ಕೆ ಬಂದು ನಿಂತೆ.

“ಬಿಡ್ತು ಅನ್ನೇ,” ಎಂದಳು ಅಮ್ಮ. “ಅಪ್ಪ ಕಣ್ಣೆದುರಿಗೇ ಇದಾರೆ. ಯಾರಿಗೋಸ್ಕರ ಈ ಸ್ನಾನ?”

“ನನಗೆ ಬಂದಿದ್ದು ಒಂದೇ ತಂತಿ ಅಮ್ಮಾ,” ಎಂದೆ.

ಅಪ್ಪ ಹುರುಳಿಕಾಯಿಯ ತಟ್ಟೆಯನ್ನು ಕೆಳಗಿಟ್ಟರು.