ಲಾಂಡ್ರಿಯ ಕಾರ್ಡಿನಲ್ಲಿ ಕೊಂಡ ಫೋನು

ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆದು ಕೊಡುವ ಲಾಂಡ್ರಿ ಅದು. ಹತ್ತು ಜನರ ಕೆಲಸ. ಒಡತಿಯನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಡೀಸೆಲ್‌ಗೆ, ಸೋಪಿನ ಪುಡಿಗೆ ಪ್ರತಿಸಲ ತಾನೇ ಓಡಿ ಓಡಿ ಸಾಕಾಗಿ, ಅವಳು ಕಂಪನಿಯ ಹೆಸರಿನಲ್ಲಿ ಒಂದು ಕ್ರೆಡಿಟ್ ಕಾರ್ಡು ಮಾಡಿಸಿ ವ್ಯಾನ್ ಡ್ರೈವರನ ಕೈಗೆ ಕೊಟ್ಟುಬಿಟ್ಟಳು. "ನೋಡ್ಕೊಂಡು ಖರ್ಚು ಮಾಡಪ್ಪ" ಎಂದಳು, ಅಷ್ಟೇ. ಆರು ವರ್ಷದಿಂದ ಇದ್ದವನು, ಒಂದು ದಿನ ಎದುರಾಡಿದವನಲ್ಲ. ತಿಂಗಳಿಗೊಮ್ಮೆ ಬ್ಯಾಂಕಿನ ಕಾಗದ ಬರುತ್ತಿತ್ತು, ಒಡೆಯದೆ ಡ್ರಾಯರು ಸೇರುತ್ತಿತ್ತು.

ಒಂದು ಬೆಳಿಗ್ಗೆ ಯಂತ್ರವೊಂದು ಕೆಟ್ಟು ಅಕ್ಕನಿಗೆ ಕೈ ಬಿಡುವಾಯಿತು. ಡ್ರಾಯರಿನಲ್ಲಿ ಮೇಲಿದ್ದ ಎರಡು ಮೂರು ಲಕೋಟೆಗಳನ್ನು ಒಡೆದಳು. ಡೀಸೆಲ್, ಸೋಪು, ಡೀಸೆಲ್, ಟೈರು. ಅದರ ಕೆಳಗೆ ಮೊಬೈಲ್ ಅಂಗಡಿ. ಆ ಸಾಲಿನ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದಳು.

ಇಸ್ತ್ರಿ ನೋಡಿಕೊಳ್ಳುತ್ತಿದ್ದ ಗಂಡ ಇಣುಕಿ ನೋಡಿ ಕಿಡಿಕಿಡಿಯಾದ. "ಆ ಟೈರೂ ಸುಳ್ಳೇ ಇರ್ಬೇಕು. ಎಲ್ಲರ ಮುಂದೆ ನಿಲ್ಲಿಸಿ ಕೇಳ್ತೀನಿ. ಇವತ್ತೇ ಗೇಟಿನಾಚೆ!"

ಅಷ್ಟರಲ್ಲಿ ಎದುರುಮನೆಯ ಆಡಿಟರಮ್ಮ ಒಗೆಯಲು ಕೊಡಲು ಪರದೆ ಹೊತ್ತು ಬಂದಳು. ಊರಿನ ಎಷ್ಟೋ ಅಂಗಡಿಗಳ ಲೆಕ್ಕಪತ್ರ ನೋಡಿದವಳು. ವಿಷಯ ಕೇಳಿ ಪರದೆಯ ಗಂಟನ್ನು ಮೇಜಿನ ಮೇಲಿಟ್ಟಳು.

"ಮೊದ್ಲು ಬ್ಯಾಂಕಿಗೆ ಫೋನ್ ಮಾಡಿ ಕಾರ್ಡು ನಿಲ್ಲಿಸು. ಆಮೇಲೆ ಅವನನ್ನ ಒಳಗೆ ಕರೆದು ಕೇಳು. ಕೇಳು ಅಂದೆ, ಬೈ ಅನ್ಲಿಲ್ಲ."

"ಕಳ್ಳನನ್ನ ಕೇಳೋದೇನಿದೆ?" ಎಂದ ಗಂಡ.

"ಕಳ್ಳ ಅಂತ ಆಗ್ಲೇ ತೀರ್ಮಾನ ಆಯ್ತಾ ಭಾವ? ಟೈರು ನಿಜ ಆಗಿದ್ರೆ? ಹತ್ತು ಜನರ ಮುಂದೆ ಹೋದ ಮಾನ ನೀವು ವಾಪಸ್ ತಂದ್ಕೊಡ್ತೀರಾ?"

ಗಂಡ ಗೊಣಗಿದ. ಅಕ್ಕ ಬ್ಯಾಂಕಿಗೆ ಫೋನ್ ಮಾಡಿದಳು.

ಡ್ರೈವರನನ್ನು ಒಳಗಿನ ಕೋಣೆಗೆ ಕರೆದು ಬಾಗಿಲು ಮುಚ್ಚಿದರು. ಸಾಕ್ಷಿಗೆ ಆಡಿಟರಮ್ಮ ಕೂತಳು. ಅಕ್ಕ ಕಾಗದ ಅವನ ಮುಂದಿಟ್ಟು, "ಒಂದೊಂದೇ ಹೇಳು" ಎಂದಳು.

ಟೈರಿನ ಬಿಲ್ಲು ವ್ಯಾನಿನಲ್ಲೇ ಇತ್ತು, ತಂದು ತೋರಿಸಿದ. ಗಂಡ ಹೊರಗೆ ಹೋಗಿ ವ್ಯಾನಿನ ಹಿಂದಿನ ಚಕ್ರ ಮುಟ್ಟಿ ನೋಡಿ ಬಂದು, "ಟೈರು ಹೊಸದೇ" ಎಂದು ಕೂತ.

"ಫೋನು?" ಎಂದಳು ಅಕ್ಕ.

ಡ್ರೈವರ್ ತಲೆ ತಗ್ಗಿಸಿದ. "ಮಗಳ ಫೋನ್ ಒಡೆದೋಗಿತ್ತು ಅಕ್ಕ. ಅವಳ ಪಾಠ ಎಲ್ಲ ಅದ್ರಲ್ಲೇ. ಸಂಬಳ ಬಂದ ತಕ್ಷಣ ಹೇಳಿ ಕಟ್ಟೋಣ ಅಂದ್ಕೊಂಡೆ. ಎರಡು ಸಂಬಳ ಆಯ್ತು. ಬಾಯೇ ಬರ್ಲಿಲ್ಲ."

"ಇದು ಮನೆ ಖರ್ಚಿಗಲ್ಲ ಅಂತ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ಆದ್ರೆ... ನಿಮ್ಮನೆಗೆ ಫ್ರಿಜ್ ತಂದಾಗ ಈ ಕಾರ್ಡನ್ನೇ ಕೊಟ್ಟಿದ್ದಲ್ವಾ. ನಾನೇ ಹೊತ್ತು ತಂದೆ. ಆವತ್ತಿಂದ ಮನಸ್ಸು ಸಡಿಲಾಯ್ತು. ತಪ್ಪು ನಂದೇ ಅಕ್ಕ, ನೆಪ ಹೇಳ್ತಿಲ್ಲ."

ಅಕ್ಕ ಗಂಡನ ಕಡೆ ತಿರುಗಿದಳು. ಗಂಡನೇ ಒಪ್ಪಿಕೊಂಡ. "ಫ್ರಿಜ್ ತರ್ಸಿದ್ದು ನಾನು."

"ಹಾಗಾದ್ರೆ ಅದನ್ನೂ ಕಂಪನಿಗೆ ಕಟ್ಟಿ ಭಾವ," ಎಂದಳು ಆಡಿಟರಮ್ಮ. "ನಿಯಮ ನಿಮ್ಮಿಂದ್ಲೇ ಶುರುವಾಗ್ಲಿ."

"ಫೋನ್ ವಾಪಸ್ ತಂದ್ಕೊಡ್ತೀನಿ," ಎಂದ ಡ್ರೈವರ್.

"ಮಗು ಓದ್ಲಿ ಬಿಡು. ದುಡ್ಡು ಕಟ್ಟು," ಎಂದಳು ಅಕ್ಕ. "ಆದ್ರೆ ಇದೇ ಮೊದಲು, ಇದೇ ಕೊನೆ."

ನಾಲ್ಕು ಸಂಬಳದಲ್ಲಿ ತೀರಿಸುವುದೆಂದು ಅವನ ಒಪ್ಪಿಗೆಯಿಂದಲೇ ಬರೆದು, ಮತ್ತೆ ಹೀಗಾದರೆ ಕೆಲಸ ಹೋಗುವುದೆಂದೂ ಸೇರಿಸಿ ಸಹಿ ಹಾಕಿಸಿದರು. ಕಾರ್ಡು ಯಾವುದಕ್ಕೆ, ಯಾವುದಕ್ಕಲ್ಲ ಎಂದು ಬರೆದ ಒಂದು ಹಾಳೆ ಗೋಡೆಗೆ ಬಂತು. ಅದರ ಕೆಳಗೆ ಮೊದಲ ಸಹಿ ಅಕ್ಕನದು, ಎರಡನೆಯದು ಗಂಡನದು. ಕಾರ್ಡನ್ನು ಮತ್ತೆ ಚಾಲೂ ಮಾಡಿಸಿ ಅಕ್ಕ ತಾನೇ ಇಟ್ಟುಕೊಂಡಳು. ಅದನ್ನು ಉಜ್ಜಿದ ಕೂಡಲೇ ಅಕ್ಕನ ಫೋನಿಗೆ ಸಂದೇಶ ಬರುವಂತೆ ಬ್ಯಾಂಕಿಗೆ ಹೇಳಿದರು.

ಕೊನೆಯ ಕಂತು ಮುಗಿದ ತಿಂಗಳು, ಡ್ರೈವರನದೇ ಹೆಸರಿದ್ದ ಹೊಸ ಕಾರ್ಡು ಬಂತು. ಇಂತಿಷ್ಟೇ ಖರ್ಚು ಎಂಬ ಮಿತಿಯೂ ಅದಕ್ಕಿತ್ತು. ಅವನು ಕೈ ಚಾಚಲು ಹಿಂಜರಿದ. "ನನಗ್ಯಾಕೆ ಮತ್ತೆ?"

"ಹಿಡ್ಕೊಳಯ್ಯ," ಎಂದು ಗಂಡನೇ ಅವನ ಅಂಗೈಯಲ್ಲಿಟ್ಟ. "ಬಿಲ್ಲು ಮಾತ್ರ ಆಯಾ ದಿನವೇ ತಾ. ನಾನೂ ಹಾಗೇ ಮಾಡ್ತಿದೀನಿ."

ನಿಮ್ಮಲ್ಲೂ ಹತ್ತು ಜನರ ಕೆಲಸವಿದ್ದೀತು, ಒಂದು ಕಾರ್ಡಿದ್ದೀತು. ಬ್ಯಾಂಕಿನ ಕಾಗದವನ್ನು ಬಂದ ದಿನವೇ ಓದಿ. ಅನುಮಾನ ಬಂದರೆ ಕಾರ್ಡು ನಿಲ್ಲಿಸಿ, ಬಾಗಿಲು ಮುಚ್ಚಿ ಕೇಳಿ, ಉತ್ತರವನ್ನು ಬಿಲ್ಲಿನ ಜೊತೆ ಹೋಲಿಸಿ, ತೀರ್ಮಾನವನ್ನು ಬರೆದಿಡಿ. ಸುಳ್ಳು ಬಿಲ್ಲು, ಮತ್ತೆ ಮತ್ತೆ ಮೋಸ ಕಂಡರೆ ಕಾನೂನು ಬಲ್ಲವರ ಬಳಿ ಹೋಗಲು ಹಿಂಜರಿಯಬೇಡಿ. ಕಾರ್ಡು ಕೈಗೆ ಬಂದ ಕೆಲಸಗಾರರು ನೀವಾಗಿದ್ದರೆ, ತಪ್ಪಾದ ದಿನವೇ ಬಾಯಿ ಬಿಟ್ಟು ಹೇಳಿ. ಒಡೆಯರಾಗಿದ್ದರೆ, ಇವತ್ತು ಸಂಜೆಯೊಳಗೆ ನಿಮ್ಮದೇ ಖರ್ಚಿನ ಸಾಲುಗಳನ್ನು ಮೊದಲು ನೋಡಿಕೊಳ್ಳಿ.