ತಗಡಿನ ಕೆಳಗೆ ಜುಟ್ಟಿನ ಗಿಣಿ

ಬೆಲ್ಲದ ವ್ಯಾಪಾರಿ ಅಂದಾನಯ್ಯ ಶ್ರೀರಂಗಪಟ್ಟಣದ ತನ್ನ ಮನೆಯ ಮೇಲೆ ತಗಡು ಹೊದಿಸಿದ ಕೋಣೆ ಕಟ್ಟಿಸಿದ ವರ್ಷವೇ ಮೈಸೂರಿನ ದಸರಾ ವಸ್ತುಪ್ರದರ್ಶನದಿಂದ ಒಂದು ಜೊತೆ ಕಾಕಟೀಲ್ ಹಕ್ಕಿಗಳನ್ನು ತಂದ. ಬೂದು ಮೈ, ಹಳದಿ ಜುಟ್ಟು, ಕೆನ್ನೆಗೆ ಕುಂಕುಮ ಒತ್ತಿದಂಥ ಚುಕ್ಕೆ. ಮನೆಯವರ ಬಾಯಲ್ಲಿ ಅವು ಜುಟ್ಟಿನ ಗಿಣಿಗಳಾದವು.

ತಂದವನು ಅವನು, ಸಾಕಿದವಳು ಹೆಂಡತಿ ಲಕ್ಷ್ಮಿದೇವಮ್ಮ. ನವಣೆ ಹಾಕುವುದು, ನೀರು ಬದಲಿಸುವುದು, ಪಂಜರ ತೊಳೆಯುವುದು ಎಲ್ಲ ಅವಳದೇ. ಪುಷ್ಯದಲ್ಲಿ ಹೊಳೆಯ ಕಡೆಯಿಂದ ಕೊರೆಯುವ ಗಾಳಿ ಬೀಸಿದಾಗ ಹಕ್ಕಿಗಳು ಗರಿ ಉಬ್ಬಿಸಿ ಮುದುಡಿ ಕೂತವು. ಬಚ್ಚಲ ಒಲೆಗೆ ತಾಗಿದ ಗೋಡೆಯ ಈಚೆ ಬದಿಗೆ, ಹೊಗೆ ಬಾರದೆ ಬಿಸಿ ಮಾತ್ರ ಬರುವ ಜಾಗಕ್ಕೆ, ಅವಳು ಪಂಜರ ತಂದಿಟ್ಟು ಮೂರು ಬದಿಗೂ ಕಂಬಳಿ ಹೊದಿಸಿದಳು. "ಬಾಣಂತಿ ಕೋಣೆ ಮಾಡ್ಬುಟ್ಯಲ್ಲೇ" ಎಂದು ಗಂಡ ನಕ್ಕ. ಅವಳು ಕಂಬಳಿಯ ತುದಿಯನ್ನು ಪಂಜರದ ಕೆಳಗೆ ಸಿಕ್ಕಿಸಿದಳು.

ಯುಗಾದಿ ಕಳೆದ ಮೇಲೆ ಅಂದಾನಯ್ಯ ಪಂಜರವನ್ನು ಮಹಡಿಗೆ ಒಯ್ದ. ಬಂದವರೆಲ್ಲ ಹೊಸ ಕೋಣೆಯನ್ನೂ ನೋಡಬೇಕು, ಹಕ್ಕಿಯನ್ನೂ ನೋಡಬೇಕು. ಮಧ್ಯಾಹ್ನದ ಹೊತ್ತಿಗೆ ತಗಡು ಹೆಂಚಿನಂತೆ ಕಾಯುತ್ತಿತ್ತು. ಹಕ್ಕಿಗಳು ಕೊಕ್ಕು ತೆರೆದು, ರೆಕ್ಕೆ ಮೈಯಿಂದ ದೂರ ಹಿಡಿದು ಏದುತ್ತಿದ್ದವು. ಅವಳು ಪಂಜರವನ್ನು ಕೆಳಗಿಳಿಸಿದಳು. ಅವನು ಮತ್ತೆ ಹತ್ತಿಸಿದ.

"ಅವು ಬಿಸಿಲು ದೇಶದ ಹಕ್ಕಿ ಕಣೆ. ಏನೂ ಆಗಕಿಲ್ಲ ಬುಡು."

"ಬಿಸಿಲು ದೇಶದಲ್ಲಿ ಮರ ಇರಾಕಿಲ್ವಾ? ನೆಳ್ಳು ಇರಾಕಿಲ್ವಾ?"

ಒಂದು ದಿನ ಅವಳು ಬೆಳಗೊಳದಲ್ಲಿ ತಂಗಿಯ ಮಗುವಿನ ನಾಮಕರಣಕ್ಕೆ ಹೋಗಬೇಕಾಯಿತು. ಬಿಸಿಲೇರುವ ಮೊದಲೇ ಪಂಜರ ಇಳಿಸಿ ಎಂದು ಬಾಗಿಲಲ್ಲಿ ನಿಂತು ಎರಡೆರಡು ಸಲ ಹೇಳಿದಳು. ಹೂಂ ಎಂದವನು ನೆಂಟರೊಡನೆ ಇಸ್ಪೀಟಿಗೆ ಕೂತ. ಸಂಜೆ ಅವಳು ಬಂದು ನೋಡಿದರೆ ಹೆಣ್ಣು ಹಕ್ಕಿ ಪಂಜರದ ತಳದಲ್ಲಿ ಕಾಲು ಚಾಚಿ ಬಿದ್ದಿತ್ತು. ಗಂಡು ಒಂದು ಮೂಲೆಗೆ ಆತುಕೊಂಡಿತ್ತು.

ಅವಳು ಅಳಲಿಲ್ಲ. ಪಂಜರವನ್ನು ಕೆಳಗಿಳಿಸಿ, ಸತ್ತದ್ದನ್ನು ಹಿತ್ತಿಲಲ್ಲಿ ಹೂತು ಕೈ ತೊಳೆದಳು. ರಾತ್ರಿ ಗಂಡನ ತಟ್ಟೆಯನ್ನು ದೂರದಿಂದಲೇ ತಳ್ಳಿ ಒಳಗೆ ಹೋದಳು.

ಮರುದಿನ ನಡು ಮಧ್ಯಾಹ್ನ ಬಿಸಿ ಮುದ್ದೆ, ಉಪ್ಸಾರು ಹಿಡಿದು ಮಹಡಿ ಹತ್ತಿದಳು. "ಇವತ್ತು ಊಟ ಇಲ್ಲೇ ಬನ್ನಿ" ಎಂದಳು. ಕೋಪ ಇಳಿಯಿತೆಂದು ಅಂದಾನಯ್ಯ ಹಿಗ್ಗಿ ಹೋಗಿ ಕೂತ. ಅವಳು ಹೊರಬಂದು ಅಗುಳಿ ಎಳೆದಳು.

"ಲೇ, ಬಾಗ್ಲು ಯಾಕ್ ಹಾಕ್ದೆ?"

"ಉಣ್ಣಿ. ಅದು ಸತ್ತ ಜಾಗ್ದಲ್ಲೇ ಕೂತು ಉಣ್ಣಿ."

"ಬೆಂದೋಯ್ತೀನಿ ಕಣೇ! ನೀರಾದ್ರೂ ಕೊಡೇ!"

"ಚೊಂಬು ಮಡಗಿವ್ನಿ. ಕಾದದೆ. ಅವೂ ಅದನ್ನೇ ಕುಡುದೋ."

ಅವನು ಬಾಗಿಲು ಗುದ್ದಿದ. ಮಂಡಿನೋವಿನ ಅತ್ತೆ ಸಿದ್ದಲಿಂಗಮ್ಮ ಮೆಟ್ಟಿಲ ಬುಡದಲ್ಲೇ ನಿಂತು ಬಾಯಿ ಬಡಿದುಕೊಂಡಳು. "ಅಯ್ಯೋ ಮನೆಹಾಳಿ, ಗಂಡನ್ನ ಕೂಡಾಕ್ತಾರೇನೇ?"

"ಬಾಯಿಲ್ಲದ್ದನ್ನ ಕೂಡಾಕ್ದಾಗ ನೀವು ಬಾಯಿ ಬುಡ್ಲಿಲ್ಲ ಅತ್ತೆ. ಇವ್ರಿಗೆ ಬಾಯದೆ, ಕೂಗ್ತಾವ್ರೆ. ಕೂಗ್ಲಿ."

ಕೂಗು ನಿಂತು ಬರೀ ಕೆಮ್ಮು ಕೇಳಿದಾಗ ಅವಳು ಅಗುಳಿ ತೆಗೆದಳು. ಅಂಗಿ ಮೈಗೆ ಅಂಟಿತ್ತು, ಮುಖ ಕೆಂಪೇರಿತ್ತು. ಮುದ್ದೆ ಮುಟ್ಟಿದಂತಿರಲಿಲ್ಲ. ಅವನು ಕೈ ಎತ್ತಿದ. ಅವಳು ಅಲುಗಲಿಲ್ಲ.

"ಹೊಡೀರಿ. ನಾಳೆನೂ ಊಟ ಇಲ್ಲೇ."

ಎತ್ತಿದ ಕೈ ಹಾಗೇ ಇಳಿಯಿತು. ಅವನು ಬಾವಿಕಟ್ಟೆಗೆ ಹೋಗಿ ಅಂಗಿಸಮೇತ ತಲೆಗೆ ನೀರು ಸುರಿದುಕೊಂಡ.

ಅಂದಿನಿಂದ ಪಂಜರ ಹಿತ್ತಿಲ ಜಗಲಿಯ ನೆರಳಿಗೆ ಬಂತು. ಪಕ್ಕದಲ್ಲಿ ಒದ್ದೆ ಗೋಣಿತಾಟು ತೂಗಿತು. ಅಂದಾನಯ್ಯ ಅದರ ತಂಟೆಗೆ ಹೋಗಲಿಲ್ಲ. ಆದರೆ ಅವಳ ಸಿಟ್ಟು ಆರಲಿಲ್ಲ. ಬಂದವರು ಯಾರಾದರೂ ಒಂಟಿ ಹಕ್ಕಿಯನ್ನು ನೋಡಿ, "ಒಂದೇ ತಂದ್ರಾ?" ಎಂದು ಕೇಳಿದರೆ, ಅವನು ಬಾಯಿ ತೆರೆಯುವ ಮೊದಲೇ ಅಡಿಗೆಮನೆಯಿಂದ ಉತ್ತರ ಬರುತ್ತಿತ್ತು. "ಎರಡಿದ್ದೋ. ಒಂದನ್ನ ಇವ್ರು ಬೇಯಿಸ್ಬುಟ್ರು."

ನಾಗಮಂಗಲದಿಂದ ಬಂದ ಅವನ ಅಕ್ಕನ ಮುಂದೆಯೂ ಹಾಗೇ ಅಂದಳು. ಅವನು ತಲೆ ತಗ್ಗಿಸಿ ಅಡಿಕೆ ಕತ್ತರಿಸುತ್ತಲೇ ಇದ್ದ.

"ಎಷ್ಟು ದಿಸ ಅಂತೀಯವ್ವ? ಸಾಕು ಬುಡು" ಎಂದಳು ಅತ್ತೆ.

"ನಂಗೆ ಇನ್ನೂ ಸಾಕಾಗಿಲ್ಲ ಅತ್ತೆ" ಎಂದು ಲಕ್ಷ್ಮಿದೇವಮ್ಮ ಒಲೆಗೆ ಸೌದೆ ನೂಕಿದಳು.